ಫುಕೆಟ್ ಏರ್‌ಪೋರ್ಟ್: ಬಿಲ್ಡಿಂಗಿಗೆ ಮೂರು ಸ್ಟಾರ್, ಹೊರಗಿನ ಬಸ್ಸಿಗೆ ಐದು

ಶಿವಮೊಗ್ಗ ಕಡೆಯಿಂದ ಜನ ಥಾಯ್ಲೆಂಡಿಗೆ ಹೋಗೋದು ಈಗ ದೊಡ್ಡ ಸುದ್ದಿ ಏನಲ್ಲ, ಅಡಿಕೆ ರೇಟು ಏರಿದ ವರ್ಷ ಅಂತೂ ಮದುವೆ ಮನೆ ಪಂಕ್ತಿಯಲ್ಲಿ ಕೂತ್ರೆ ಅಕ್ಕಪಕ್ಕದೋರಲ್ಲಿ ಯಾರಾದ್ರೂ ಒಬ್ರು ಫುಕೆಟ್ ಕತೆ ತೆಗೀತಾರೆ. ಬೀಚ್ ಬಗ್ಗೆ ಹೇಳ್ತಾರೆ, ಬೋಟಲ್ಲಿ ದ್ವೀಪ ಸುತ್ತಿದ್ದು ಹೇಳ್ತಾರೆ, ರಾತ್ರಿ ಬಜಾರ್ ಬಗ್ಗೆ ಸ್ವಲ್ಪ ಧ್ವನಿ ಇಳಿಸಿ ಹೇಳ್ತಾರೆ. ಏರ್‌ಪೋರ್ಟ್ ಬಗ್ಗೆ ಮಾತ್ರ ಯಾರೂ ಎಂತದೂ ಹೇಳಲ್ಲ. ಅಲ್ಲೇ ಮಾರಾಯ್ರೆ ದುಡ್ಡು ಮೊದಲು ಕರಗೋದು, ಅಲ್ಲೇ ವಯಸ್ಸಾದೋರಿಗೆ ಮೊದಲು ಸುಸ್ತಾಗೋದು. ಹಂಗಾಗಿ ನಾನು ಬೀಚ್ ಬಿಟ್ಟು ಏರ್‌ಪೋರ್ಟ್ ಬಗ್ಗೆನೇ ಬರೀತಾ ಇದೀನಿ. ಹೋಗಿದ್ದು ನಾನು, ಅಮ್ಮ, ಅಕ್ಕ, ಭಾವ, ಅವರ ಮಗಳು. ಬುಕಿಂಗ್ ಎಲ್ಲ ಭಾವನ ಕೈಯಲ್ಲಿ, ದೂರು ಹೇಳೋ ಖಾತೆ ಅಮ್ಮನ ಕೈಯಲ್ಲಿ.

ಏರ್‌ಪೋರ್ಟ್ ಇರೋದು ದ್ವೀಪದ ಉತ್ತರಕ್ಕೆ, ಮೈ ಖಾವೊ ಅನ್ನೋ ಜಾಗದಲ್ಲಿ. ಫುಕೆಟ್ ಟೌನಿಗೆ ಅಲ್ಲಿಂದ 32 ಕಿಲೋಮೀಟರ್, ನಮ್ಮೋರು ಹೆಚ್ಚಾಗಿ ರೂಮ್ ಮಾಡೋ ಪಟಾಂಗಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿನೇ, ಟ್ರಾಫಿಕ್ ಇದ್ರೆ ಒಂದೂವರೆ ತಾಸು ಸುಲಭವಾಗಿ ಹಿಡಿಯುತ್ತೆ. ಇದನ್ನ ಮೊದಲೇ ಯಾಕೆ ಹೇಳಿದೆ ಅಂದ್ರೆ ಹೋಟೆಲ್ ಬುಕ್ ಮಾಡೋವಾಗ ಮ್ಯಾಪಲ್ಲಿ ದ್ವೀಪ ಅಂಗೈಯಷ್ಟು ಕಾಣುತ್ತೆ, ಇಳಿದ ಕೂಡ್ಲೆ ಸಮುದ್ರ, ಪಕ್ಕದಲ್ಲೇ ರೂಮು ಅಂದ್ಕೊಂಡು ಎಲ್ಲರೂ ಹೊರಡ್ತಾರೆ. ಸಮುದ್ರ ಏನೋ ಪಕ್ಕದಲ್ಲೇ ಇದೆ, ರನ್‌ವೇ ಪಶ್ಚಿಮ ತುದಿ ದಾಟಿದ್ರೆ ಅಂಡಮಾನ್ ಸಮುದ್ರನೇ. ರೂಮು ಮಾತ್ರ ದೂರ.

ಬೆಂಗಳೂರಿಂದ ನೇರ ವಿಮಾನ ಇದೆ, ನಾಲ್ಕು ತಾಸಿನ ಹತ್ತಿರ ಪ್ರಯಾಣ, ಅಲ್ಲಿ ಟೈಮು ನಮ್ಮದಕ್ಕಿಂತ ಒಂದೂವರೆ ತಾಸು ಮುಂದೆ. ಶಿವಮೊಗ್ಗದಿಂದ ಬೆಂಗಳೂರಿಗೆ ನಾವು ರಾತ್ರಿ ಟ್ರೈನಲ್ಲಿ ಹೋಗಿ ಮೆಜೆಸ್ಟಿಕ್ಕಿಂದ ವಾಯು ವಜ್ರ ಬಸ್ಸು ಹತ್ತಿದ್ವಿ, ನಮ್ಮ ಶಿವಮೊಗ್ಗದ ಸೋಗಾನೆ ಏರ್‌ಪೋರ್ಟಿನ ವಿಮಾನದ ಟೈಮು ನಮ್ಮ ಟಿಕೆಟಿಗೆ ಹೊಂದ್ಲಿಲ್ಲ. ಇಂಟರ್‌ನ್ಯಾಷನಲ್ ವಿಮಾನ ಎಲ್ಲ 2023ರ ಸೆಪ್ಟೆಂಬರಿಂದ ಟರ್ಮಿನಲ್ ಎರಡಕ್ಕೆ ಹೋಗಿವೆ, ಬಿದಿರು, ಗಿಡ, ನೇತಾಡೋ ಬಳ್ಳಿ ಎಲ್ಲ ಇದೆಯಲ್ಲ ಅದು. ಅಮ್ಮ ಸುತ್ತ ನೋಡಿ "ಇಷ್ಟು ಗಿಡಕ್ಕೆ ದಿನಾ ನೀರು ಹಾಕೋರು ಯಾರು" ಅಂತ ಕೇಳಿದ್ರು, ತೋಟ ಇರೋರಿಗೆ ಬರೋ ಮೊದಲ ಪ್ರಶ್ನೆನೇ ಅದು. ಆ ಟರ್ಮಿನಲ್ ನೋಡ್ಕೊಂಡು ಹೋಗಿ ಫುಕೆಟಲ್ಲಿ ಇಳಿದ್ರೆ ಬಿಲ್ಡಿಂಗ್ ವಿಷಯದಲ್ಲಿ ಯಾರಿಗಾದ್ರೂ ಸಪ್ಪೆ ಅನ್ಸುತ್ತೆ. ಮೂರು ಸ್ಟಾರ್ ಅದಕ್ಕೇ.

ಕಾಗದ ಪತ್ರದ ವಿಷಯ ಬೇಗ ಮುಗಿಸ್ತೀನಿ. ಭಾರತದೋರಿಗೆ 2023ರ ನವೆಂಬರಿಂದ ವೀಸಾ ಬೇಡ ಅಂತ ಮಾಡಿದ್ರು, ಮುಂಚೆ ಅಲ್ಲೇ ಇಳಿದು 2000 ಬಾತ್ (ಬಾತ್ ಅಂದ್ರೆ ಅಲ್ಲಿನ ದುಡ್ಡು) ಕಟ್ಟಿ ವೀಸಾ ಹೊಡೆಸ್ಕೋಬೇಕಿತ್ತು. ವೀಸಾ ಬೇಕಾ ಬೇಡ್ವಾ, ಎಷ್ಟು ದಿನ ಇರಬಹುದು ಅನ್ನೋ ರೂಲು ಆಗಾಗ ಬದಲಾಗುತ್ತೆ, ಟಿಕೆಟ್ ಮಾಡೋ ಮುಂಚೆ ಒಂದ್ಸಲ ಸರ್ಕಾರಿ ಸೈಟಲ್ಲೇ ನೋಡ್ಕೊಳ್ಳಿ. ಇನ್ನೊಂದು, 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಅಂತ ಬಂದಿದೆ, ವಿಮಾನದಲ್ಲಿ ಪೆನ್ನು ಹುಡುಕಿ ತುಂಬಿಸ್ತಿದ್ದ ಆ ಚೀಟಿ ಬದಲಿಗೆ. ಇಳಿಯೋಕೆ ಮುಂಚಿನ ಮೂರು ದಿನದ ಒಳಗೆ ಆನ್‌ಲೈನಲ್ಲಿ ತುಂಬಿಸ್ಬೇಕು, ಅದು ಪೂರ್ತಿ ಫ್ರೀ. ಗೂಗಲಲ್ಲಿ ಹುಡುಕಿದ್ರೆ ದುಡ್ಡು ಕೇಳೋ ಸೈಟುಗಳು ಸರ್ಕಾರಿ ಸೈಟಿನ ಥರಾನೇ ವೇಷ ಹಾಕ್ಕೊಂಡು ಕೂತಿರ್ತವೆ, ಕಾರ್ಡ್ ನಂಬರ್ ಕೇಳಿದ ಕೂಡ್ಲೆ ಮುಚ್ಚಿ ಆಚೆ ಬನ್ನಿ. ವಾಪಸ್ ಟಿಕೆಟು, ಹೋಟೆಲ್ ಬುಕಿಂಗು ಎರಡೂ ಪ್ರಿಂಟ್ ಇಟ್ಕೊಳ್ಳಿ, ತಲೆಗೆ 10000 ಬಾತ್, ಫ್ಯಾಮಿಲಿಗೆ 20000 ಬಾತ್ ಕೈಯಲ್ಲಿ ಇದೆ ಅಂತ ತೋರಿಸಿ ಅಂತ ಕೇಳೋ ಅಧಿಕಾರ ಅವರಿಗಿದೆ. ನಮ್ಮನ್ನ ಕೇಳ್ಲಿಲ್ಲ, ಆದ್ರೆ ಕೇಳಿದಾಗ ಎಟಿಎಂ ಹುಡುಕೋಕೆ ಅಲ್ಲಿ ಬಿಡಲ್ಲ.

ಈಗ ಬಿಲ್ಡಿಂಗ್. ಇಂಟರ್‌ನ್ಯಾಷನಲ್ ಟರ್ಮಿನಲ್ ಶುರುವಾಗಿದ್ದು 2016ರಲ್ಲಿ, ಹಳೆ ಟರ್ಮಿನಲನ್ನ ಆಮೇಲೆ ಒಳನಾಡಿನ ವಿಮಾನಕ್ಕೆ ಬಿಟ್ರು, ಎರಡೂ ಅಕ್ಕಪಕ್ಕ, ನಡ್ಕೊಂಡು ಹೋಗಬಹುದು. ಥಾಯ್ಲೆಂಡಲ್ಲಿ ಬ್ಯಾಂಕಾಕಿನ ಎರಡು ಏರ್‌ಪೋರ್ಟ್ ಬಿಟ್ರೆ ಜನ ಜಾಸ್ತಿ ಬರೋದು ಇಲ್ಲಿಗೇ, ಎಲ್ಲರೂ ರಜಾ ಕಳೆಯೋಕೆ ಬಂದೋರೇ. ಇದು ಒಳಗೆ ಕಾಲಿಟ್ಟ ಕೂಡ್ಲೆ ಗೊತ್ತಾಗುತ್ತೆ. ಬೆಂಗಳೂರು ಏರ್‌ಪೋರ್ಟಲ್ಲಿ ಅರ್ಧ ಜನ ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ಮುಖ ಗಂಟು ಹಾಕ್ಕೊಂಡಿರ್ತಾರೆ. ಇಲ್ಲಿ ಯಾರೂ ಆಫೀಸಿಗೆ ಬಂದಿಲ್ಲ. ಚಡ್ಡಿ, ಹವಾಯಿ ಚಪ್ಪಲಿ, ಹೂವಿನ ಶರ್ಟು, ಮಕ್ಕಳ ಕೈಯಲ್ಲಿ ಆಗ್ಲೇ ಊದಿಟ್ಟ ರಬ್ಬರ್ ಟ್ಯೂಬು, ರಷ್ಯಾದೋರು, ಚೀನಾದೋರು, ನಮ್ಮ ಗುಜರಾತಿ ದೊಡ್ಡ ಗುಂಪುಗಳು. ಒಂದು ಥರಾ ಧರ್ಮಸ್ಥಳದ ಲಕ್ಷದೀಪೋತ್ಸವದ ಹಿಂದಿನ ದಿನದ ಬಸ್‌ಸ್ಟ್ಯಾಂಡ್ ಇದ್ದಂಗೆ, ಎಲ್ಲರೂ ಒಂದೇ ಕಡೆ ಹೊರಟೋರು, ಎಲ್ಲರಿಗೂ ಅವಸರ, ಯಾರಿಗೂ ಕೋಪ ಇಲ್ಲ.

ಇಮಿಗ್ರೇಷನ್ ಸಾಲಿಗೆ ಅಂತ ಟೈಮು ಎತ್ತಿಡಿ. ಡಿಸೆಂಬರಿಂದ ಮಾರ್ಚ್ ವರೆಗೆ ಸೀಸನ್, ಆಗ ನಾಲ್ಕೈದು ವಿಮಾನ ಒಂದರ ಹಿಂದೆ ಒಂದು ಇಳಿದ್ರೆ ಸಾಲು ಹಾವಿನ ಹಂಗೆ ಸುತ್ತುತ್ತೆ. ಮುಖದ ಫೋಟೋ ತೆಗೀತಾರೆ, ಬೆರಳಚ್ಚು ತಗೋತಾರೆ. ಈ ಬೆರಳಚ್ಚಿನ ಮೆಷಿನ್ ಹತ್ರ ಒಂದು ವಿಷಯ ನಡೀತು. ಅಮ್ಮನ ಬೆರಳು ಮೆಷಿನ್ನಿಗೆ ಹತ್ತಲೇ ಇಲ್ಲ. ವರ್ಷಗಟ್ಟಲೆ ಅಡಿಕೆ ಸುಲಿದ ಕೈ, ಚೊಗರು ಹಿಡಿದು ಹಿಡಿದು ಬೆರಳ ತುದಿ ಗೆರೆ ಎಲ್ಲ ಸವೆದು ಹೋಗಿವೆ, ಆಧಾರ್ ಮಾಡಿಸೋವಾಗಲೂ ನಮ್ಮೂರ ಕಡೆ ಎಷ್ಟೋ ಹೆಂಗಸರಿಗೆ ಇದೇ ಪಾಡು. ಕೌಂಟರಲ್ಲಿ ಕೂತಿದ್ದ ಹುಡುಗಿ ಬೈಲಿಲ್ಲ, ಗಡಿಬಿಡಿ ಮಾಡ್ಲಿಲ್ಲ, ಒಂದು ಟಿಶ್ಯೂ ಕೊಟ್ಟು ಒರೆಸ್ಕೊಳ್ಳಿ ಅಂತ ಸನ್ನೆ ಮಾಡಿ, ಆಮೇಲೆ ತಾನೇ ಅಮ್ಮನ ಕೈ ಮೇಲೆ ಮೆತ್ತಗೆ ಒತ್ತಿ ಹಿಡಿದು ತಗೊಂಡ್ಲು. ಹೊರಗೆ ಬಂದ ಮೇಲೆ ಅಮ್ಮ ಆ ಹುಡುಗಿ ಬಗ್ಗೆ ಸಂಜೆ ತನಕ ಮಾತಾಡಿದ್ರು. ವಯಸ್ಸಾದೋರನ್ನ ಕರ್ಕೊಂಡು ಹೋಗೋರು ವಿಮಾನದಲ್ಲೇ ಅವರ ಕೈಗೆ ಸ್ವಲ್ಪ ಕ್ರೀಮು ಹಚ್ಚಿಸಿ, ಒಣಗಿದ ಬೆರಳಿಗಿಂತ ಪರವಾಗಿಲ್ಲ.

ಲಗೇಜು ಬೆಲ್ಟ್ ಹತ್ರ ದುಡ್ಡು ಬದಲಾಯಿಸೋ ಕೌಂಟರುಗಳು ಇದಾವೆ, ರೇಟು ಹೊರಗಿನ ಊರಿಗಿಂತ ಕಮ್ಮಿ ಸಿಗುತ್ತೆ, ಎಲ್ಲಾ ಏರ್‌ಪೋರ್ಟಿನ ಹಣೆಬರಹನೂ ಅದೇ. ಬಸ್ಸಿಗೆ, ಒಂದು ಊಟಕ್ಕೆ ಆಗೋಷ್ಟು ಮಾತ್ರ ಅಲ್ಲಿ ತಗೊಳ್ಳಿ. ಸಿಮ್ ಕೌಂಟರಲ್ಲಿ ಪಾಸ್‌ಪೋರ್ಟ್ ಕೊಟ್ರೆ ಅವರೇ ಹಾಕಿ ಆನ್ ಮಾಡಿ ಕೊಡ್ತಾರೆ, ಅದರಲ್ಲಿ ತಲೆಬಿಸಿ ಇಲ್ಲ. ಹಂಗೇ ಇ-ಸಿಗರೇಟು ಬ್ಯಾಗಲ್ಲಿ ಇಟ್ಕೊಂಡು ಹೋಗೋ ಹುಡುಗರು ಯಾರಾದ್ರೂ ಓದ್ತಾ ಇದ್ರೆ, ಥಾಯ್ಲೆಂಡಲ್ಲಿ ಅದು ನಿಷೇಧ, ಮನೇಲಿ ಬಿಟ್ಟು ಹೋಗಿ.

ಇನ್ನು ಹೊರಗಿನ ಬಾಗಿಲು. ನನ್ನ ಪ್ರಕಾರ ರಜಾ ಊರಿನ ಏರ್‌ಪೋರ್ಟಿಗೆ ಮಾರ್ಕ್ಸ್ ಕೊಡೋದಾದ್ರೆ ಇಲ್ಲಿಂದ ಶುರು ಮಾಡ್ಬೇಕು. ಒಳಗೆ ಗ್ರಾನೈಟ್ ಹಾಕಿದಾರೋ ಮೊಸಾಯಿಕ್ ಹಾಕಿದಾರೋ ಯಾರಿಗೆ ಬೇಕು, ಐದು ಜನ, ಏಳು ಬ್ಯಾಗು, ಒಂದು ನಿದ್ದೆಗೆಟ್ಟ ಮಗು, ಹೊರಗೆ ಬಂದು ನಿಂತಾಗ ಮುಂದೆ ಎಂತ ಅನ್ನೋದಕ್ಕೆ ಉತ್ತರ ಇರಬೇಕು. ಫುಕೆಟಲ್ಲಿ ಉತ್ತರ ಮೂರು ಥರ ಇದೆ. ಒಂದು ಟ್ಯಾಕ್ಸಿ, ಮೀಟರ್ ಇರೋದು, ಸ್ಟ್ಯಾಂಡಲ್ಲಿ ಚೀಟಿ ತಗೊಂಡು ಹತ್ತೋದು, ಮೀಟರ್ ಮೇಲೆ 100 ಬಾತ್ ಏರ್‌ಪೋರ್ಟ್ ಚಾರ್ಜು, ಇಲ್ಲಾ ಅಂದ್ರೆ ಫೋನಲ್ಲಿ ಗ್ರ್ಯಾಬ್, ಬೋಲ್ಟ್ ಅನ್ನೋ ಟ್ಯಾಕ್ಸಿ ಆ್ಯಪ್. ಎರಡನೇದು ವ್ಯಾನು, ಹತ್ತು ಹನ್ನೆರಡು ಜನ ಆದ ಮೇಲೆ ಹೊರಡುತ್ತೆ, ಒಬ್ಬೊಬ್ಬರನ್ನ ಅವರವರ ಹೋಟೆಲ್ ಮುಂದೆ ಇಳಿಸುತ್ತೆ. ಮೂರನೇದು ಬಸ್ಸು.

ಭಾವ ಆರಿಸಿದ್ದು ವ್ಯಾನು. ಅದೂ ಬಾಗಿಲಲ್ಲಿ ಬೋರ್ಡ್ ಹಿಡ್ಕೊಂಡು ನಿಂತಿದ್ದ ಒಬ್ಬ ತೋರಿಸಿದ ವ್ಯಾನು, ಯಾವ ಕಂಪನಿ ಅಂತ ಹೇಳಲ್ಲ, ಅಂಥವು ತುಂಬಾ ಇದಾವೆ. ಅರ್ಧ ತಾಸು ಹೋಗಿರಬಹುದು, ರೋಡ್ ಪಕ್ಕ ಒಂದು ಆಫೀಸ್ ಮುಂದೆ ನಿಲ್ಲಿಸಿದ, ಎಲ್ಲರೂ ಇಳೀರಿ ಅಂದ. ಟಾಯ್ಲೆಟ್‌ಗೆ ಇರಬೇಕು ಅಂತ ಅಮ್ಮ ಖುಷಿಯಾಗಿ ಇಳಿದ್ರು. ಒಳಗೆ ಹೋದ್ರೆ ಸಾಲಾಗಿ ಟೇಬಲ್ಲು, ಒಬ್ಬೊಬ್ಬ ಹುಡುಗಿ, ಯಾವ ಹೋಟೆಲ್ ಎಷ್ಟು ದಿನ ಅಂತ ಕೇಳ್ತಾ ಕೇಳ್ತಾ ಮೆಲ್ಲಗೆ ಫೋಟೋ ಆಲ್ಬಂ ತೆಗೆದ್ರು, ಬೋಟ್ ಟೂರ್ ಇಷ್ಟು, ಶೋ ಇಷ್ಟು, ಆನೆ ಸ್ನಾನ ಇಷ್ಟು. ಆನೆ ಸ್ನಾನ ಅಂದ ಕೂಡ್ಲೆ ಅಮ್ಮ ಕನ್ನಡಕ ಏರಿಸ್ಕೊಂಡು ಆ ಫೋಟೋ ನೋಡಿ "ಆನೆ ಮೀಯಿಸೋದು ನೋಡೋಕೆ ವಿಮಾನ ಹತ್ತಿ ಬರ್ಬೇಕಾ, ಸಕ್ರೆಬೈಲಲ್ಲಿ ದಿನಾ ಬೆಳಿಗ್ಗೆ ತುಂಗಾ ಹಿನ್ನೀರಲ್ಲಿ ಮೀಯಿಸ್ತಾರಲ್ಲ, ಸಿಟಿ ಬಸ್ಸಲ್ಲಿ ಹೋಗಿ ಬರಬಹುದು" ಅಂದ್ರು, ಕನ್ನಡದಲ್ಲೇ, ಆ ಹುಡುಗಿಗೇ. ಆ ಹುಡುಗಿ ನಕ್ಕು ಕೈ ಮುಗಿದ್ಲು. ಹಂಗೆ ಅಲ್ಲಿ ಕೂತು ಎದ್ದು ಹೊರಡೋಕೆ ಸುಮಾರು ಹೊತ್ತಾಯ್ತು, ಯಾರೂ ಬಲವಂತ ಮಾಡಲ್ಲ, ಆದ್ರೆ ವ್ಯಾನು ಮಾತ್ರ ಎಲ್ಲರನ್ನೂ ವಿಚಾರಿಸಿ ಮುಗಿಯೋ ತನಕ ಹೊರಡಲ್ಲ. ಕಮ್ಮಿ ದುಡ್ಡಿನ ವ್ಯಾನಿನ ಅಸಲಿ ಸಂಪಾದನೆ ಆ ಟೇಬಲ್ ಮೇಲೆ ಅಂತ ಅಲ್ಲಿ ಕೂತಾಗ ಅರ್ಥ ಆಗುತ್ತೆ.

ಬಸ್ಸಿನ ಕತೆ ಬೇರೆ. ವಾಪಸ್ ಬರೋವಾಗ ಅಕ್ಕ ಹಠ ಹಿಡಿದು ಬಸ್ಸಿಗೇ ಹೋಗೋಣ ಅಂದ್ಲು. ಸ್ಮಾರ್ಟ್ ಬಸ್ ಅಂತ ಹೆಸರು, ಏರ್‌ಪೋರ್ಟಿಂದ ಹೊರಟು ಸುರಿನ್, ಕಮಲಾ, ಪಟಾಂಗ್, ಕರೋನ್, ಕಾಟಾ ಅಂತ ಪಶ್ಚಿಮದ ಬೀಚುಗಳನ್ನೆಲ್ಲ ಮುಟ್ಟಿಕೊಂಡು ದಕ್ಷಿಣದ ರವಾಯ್ ತನಕ ಹೋಗುತ್ತೆ. ಎಲ್ಲಿ ಹತ್ತಿ ಎಲ್ಲಿ ಇಳಿದ್ರೂ 100 ಬಾತ್, ನಮ್ಮ ದುಡ್ಡಲ್ಲಿ ಇನ್ನೂರೈವತ್ತು ಮುನ್ನೂರು ರೂಪಾಯಿ ಆಸುಪಾಸು. ಟ್ಯಾಕ್ಸಿಗೆ ಇದರ ಎಂಟು ಹತ್ತು ಪಟ್ಟು ಕೊಡ್ಬೇಕು. ಎಸಿ ಇದೆ, ಲಗೇಜ್ ಇಡೋಕೆ ಜಾಗ ಇದೆ, ಕೆಂಪು ನೂರರ ನೋಟು ಕೊಟ್ರೆ ಮುಗೀತು. ಅಮ್ಮನಿಗೆ ಕಿಟಕಿ ಪಕ್ಕ ಸೀಟು ಸಿಕ್ತು, ಕಮಲಾ ಕಡೆ ಏರು ಹತ್ತಿ ಇಳಿಯೋವಾಗ ಕೆಳಗೆ ಸಮುದ್ರ ಕಾಣ್ಸುತ್ತೆ, ಮತ್ತೆ ಮರ, ಮತ್ತೆ ಸಮುದ್ರ, ಅಮ್ಮ ನಿದ್ದೆನೇ ಮಾಡ್ಲಿಲ್ಲ. ಬಸ್ಸು ಎರಡು ನಿಮಿಷಕ್ಕೊಂದು ಬರಲ್ಲ, ಹೆಚ್ಚುಕಮ್ಮಿ ತಾಸಿಗೊಂದು, ಸರಿರಾತ್ರಿಯಲ್ಲಿ ಇಲ್ಲ. ಕಾರಿಗಿಂತ ನಿಧಾನ. ಚಿಕ್ಕ ಮಕ್ಕಳು ಇದ್ರೆ, ನಡುರಾತ್ರಿ ಇಳಿಯೋದಿದ್ರೆ ಟ್ಯಾಕ್ಸಿನೇ ಸರಿ. ಫುಕೆಟ್ ಟೌನಲ್ಲಿ ಉಳಿಯೋರಿಗೆ ಬೇರೆ ಏರ್‌ಪೋರ್ಟ್ ಬಸ್ಸು ಇದೆ, ಅದು ಹಳೇ ಬಸ್‌ಸ್ಟ್ಯಾಂಡಿಗೆ ಹೋಗುತ್ತೆ.

ಟೌನ್ ಕಡೆ ಹೋಗೋ ದೊಡ್ಡ ರೋಡಲ್ಲಿ ಒಂದು ಸರ್ಕಲ್ ಬರುತ್ತೆ, ನಡುವೆ ಕತ್ತಿ ಹಿಡಿದು ನಿಂತ ಇಬ್ಬರು ಹೆಂಗಸರ ಪ್ರತಿಮೆ. ಇಬ್ಬರೂ ಅಕ್ಕ ತಂಗಿ. 1785ರಲ್ಲಿ ಬರ್ಮಾದ ಸೈನ್ಯ ಬಂದಾಗ ಊರಿನ ಅಧಿಕಾರಿ ಆಗಷ್ಟೇ ತೀರಿಕೊಂಡಿದ್ನಂತೆ, ಅವನ ಹೆಂಡತಿ ಮತ್ತೆ ಅವಳ ತಂಗಿ ಮುಂದೆ ನಿಂತು ದ್ವೀಪ ಉಳಿಸ್ಕೊಂಡ್ರು, ಹೆಂಗಸರಿಗೆಲ್ಲ ಸೈನಿಕರ ವೇಷ ಹಾಕಿಸಿ ಸೈನ್ಯ ದೊಡ್ಡದಿದೆ ಅಂತ ತೋರಿಸಿದ್ರು ಅಂತ ಕತೆ. ಆ ಹೆದ್ದಾರಿಗೂ ಅಕ್ಕನ ಹೆಸರೇ, ಥೆಪ್ ಕ್ರಸತ್ರಿ ರೋಡ್. ದಾರಿಯಲ್ಲಿ ಹೋಗೋ ಡ್ರೈವರುಗಳು ಸ್ಟೀರಿಂಗ್ ಮೇಲಿಂದ ಕೈ ಎತ್ತಿ ಮುಗೀತಾರೆ. ಕೆಳದಿ ಚೆನ್ನಮ್ಮನ ಸೀಮೆಯೋರು ನಾವು, ಗಂಡ ಹೋದ ಮೇಲೆ ರಾಜ್ಯ ನಡೆಸಿ, ಶಿವಾಜಿ ಮಗ ರಾಜಾರಾಮನಿಗೆ ಜಾಗ ಕೊಟ್ಟು ಔರಂಗಜೇಬನ ಸೈನ್ಯ ಎದುರಿಸಿದ ಹೆಂಗಸು ನಮ್ಮಲ್ಲೂ ಇದ್ಲಲ್ಲ, ಸೊಸೆ ಮಗುಗೆ ಆ ಕತೆ ಹೇಳೋಕೆ ಒಳ್ಳೆ ಜಾಗ ಸಿಕ್ತು. ಅಂದ್ರೆ ಅಕ್ಕನ ಮಗಳಿಗೆ, ನಮ್ಮಲ್ಲಿ ಸೊಸೆ ಅಂತಲೇ ಕರೆಯೋದು.

ಈಗ ಸ್ವಲ್ಪ ನಮ್ಮೂರ ಪುರಾಣ, ಬೇಡ ಅನ್ನೋರು ಮುಂದಿನ ಪ್ಯಾರಾಕ್ಕೆ ಹೋಗಿ. ಫುಕೆಟ್ ರನ್‌ವೇ ಉದ್ದ 3000 ಮೀಟರ್. ನಮ್ಮ ಸೋಗಾನೆ ರನ್‌ವೇ 3200 ಮೀಟರ್! ರಾಜ್ಯದಲ್ಲಿ ಬೆಂಗಳೂರು ಬಿಟ್ರೆ ಉದ್ದದ್ದು ನಮ್ಮದೇ. ಕಮಲದ ಆಕಾರದ ಟರ್ಮಿನಲ್ಲು, 2023ರ ಫೆಬ್ರವರಿ 27ಕ್ಕೆ ಉದ್ಘಾಟನೆ, ಆಗಸ್ಟ್ 31ಕ್ಕೆ ಮೊದಲ ವಿಮಾನ ಬೆಂಗಳೂರಿಂದ ಇಳೀತು, ರಾಷ್ಟ್ರಕವಿ ಕುವೆಂಪು ಹೆಸರು. ವಿಮಾನ ಇಳಿಸೋ ವಿಷಯದಲ್ಲಿ ನಾವು ಫುಕೆಟಿಗೆ 200 ಮೀಟರ್ ಮುಂದೇನೇ ಇದೀವಿ. ಪ್ರಶ್ನೆ ಇಳಿದ ಮೇಲಿಂದು. ಸಕ್ರೆಬೈಲು ಹತ್ತಿರ, ಸರಿ. ಜೋಗ ನೂರು ಕಿಲೋಮೀಟರ್, ಆಗುಂಬೆ ಹತ್ತತ್ರ ತೊಂಬತ್ತು. ಮಲೆನಾಡಿನ ಹೋಂಸ್ಟೇಗಳು ಇರೋದೆಲ್ಲ ಒಳರಸ್ತೆಗಳಲ್ಲಿ. ಅಂಥಾ ಜಾಗಕ್ಕೆ ಬರೋ ಪ್ರವಾಸಿ ಬೆಂಗಳೂರಿಂದ ವಿಮಾನಕ್ಕೆ ಕೊಟ್ಟಿದ್ದಕ್ಕಿಂತ ಜಾಸ್ತಿ ಟ್ಯಾಕ್ಸಿಗೆ ಕೊಡೋ ಹಂಗಾದ್ರೆ ಮುಂದಿನ ಸಲ ಸೀದಾ ಕಾರಲ್ಲೇ ಬರ್ತಾನೆ. ವಿಮಾನದ ಟೈಮಿಗೆ ಹೊಂದೋ ಹಂಗೆ ಸಾಗರ ಪೇಟೆ ಮೇಲೆ ಜೋಗಕ್ಕೆ ಒಂದು ಬಸ್ಸು ಬೇಕು, ತೀರ್ಥಹಳ್ಳಿ ಮೇಲೆ ಆಗುಂಬೆಗೆ ಒಂದು, ಎಲ್ಲಿ ಇಳಿದ್ರೂ ಒಂದೇ ರೇಟು, ಬೋರ್ಡು ಕನ್ನಡ ಇಂಗ್ಲಿಷ್ ಎರಡರಲ್ಲೂ. ಫುಕೆಟಿಂದ ಕಲಿಯೋದಾದ್ರೆ ಇದೊಂದನ್ನ ಕಲಿಯಬಹುದು, ಮಳಿಗೆ, ಮಸಾಜು, ಅದೆಲ್ಲ ಅಲ್ಲೇ ಇರ್ಲಿ.

ಊಟದ ವಿಷಯ ಸಸ್ಯಾಹಾರಿಗಳು ಗಮನ ಕೊಟ್ಟು ಓದಿ. ಏರ್‌ಪೋರ್ಟ್ ಒಳಗೆ ತಿನ್ನೋದು ದುಬಾರಿ, ಆಯ್ಕೆನೂ ಕಮ್ಮಿ, ಬರೀ ತರಕಾರಿ ಅಂತ ಕಾಣೋದ್ರಲ್ಲೂ ಮೀನಿನ ಸಾಸು ಬಿದ್ದಿರಬಹುದು, ಅಲ್ಲಿ ಅದು ನಮ್ಮ ಒಗ್ಗರಣೆ ಸಾಸಿವೆಯಷ್ಟೇ ಸಾಮಾನ್ಯ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಗುರುತು ಕಾಣ್ಸುತ್ತೆ, "ಜೇ" ಅಂತ ಓದೋದು, ಆ ಗುರುತು ಇದ್ರೆ ಮಾಂಸ, ಮೀನು, ಮೊಟ್ಟೆ ಇರಲ್ಲ, ಅಷ್ಟೇ ಅಲ್ಲ ಬೆಳ್ಳುಳ್ಳಿ ಈರುಳ್ಳಿನೂ ಇರಲ್ಲ. ಫುಕೆಟಲ್ಲಿ ಪ್ರತಿ ವರ್ಷ ಒಂಬತ್ತು ದಿನದ ಸಸ್ಯಾಹಾರ ಹಬ್ಬ ಅಂತಲೇ ನಡೆಯುತ್ತೆ, ಚೀನಾ ಮೂಲದೋರು ಮಾಡೋದು, ಹೆಚ್ಚಾಗಿ ನಮ್ಮ ನವರಾತ್ರಿ ಆಸುಪಾಸಲ್ಲೇ ಬರುತ್ತೆ. ಆಗ ಊರಿಡೀ ಆ ಹಳದಿ ಬಾವುಟ. ಮಡಿ ಊಟದೋರು, ಚಾತುರ್ಮಾಸ್ಯ ಮಾಡೋರು ಮನೇಲಿದ್ರೆ ಆ ಒಂಬತ್ತು ದಿನಕ್ಕೆ ಹೋಗೋದು ವಾಸಿ. ಉಳಿದ ದಿನಗಳಲ್ಲಿ ಸೆವೆನ್ ಇಲೆವೆನ್ ಅಂಗಡಿಗಳಲ್ಲಿ ಆ ಗುರುತು ಹಾಕಿದ ಪ್ಯಾಕೆಟ್ಟು ಸಿಗುತ್ತೆ. ಮನೆಯಿಂದ ಚಕ್ಕುಲಿ, ಕೋಡುಬಳೆ, ಅವಲಕ್ಕಿ ಒಯ್ಯೋದಕ್ಕೆ ತೊಂದ್ರೆ ಇಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿ ಮಾತ್ರ ಕೈ ಬ್ಯಾಗಲ್ಲಿ ಇಡಬೇಡಿ, ಉಪ್ಪುನೀರು ಇರೋದೆಲ್ಲ ದ್ರವದ ಲೆಕ್ಕಕ್ಕೆ ಹೋಗುತ್ತೆ, 100 ಮಿಲಿಗಿಂತ ದೊಡ್ಡ ಡಬ್ಬಿ ಸೆಕ್ಯೂರಿಟಿಯಲ್ಲಿ ಬಿಡಲ್ಲ. ಗಟ್ಟಿ ಮುಚ್ಚಿ, ಪ್ಲಾಸ್ಟಿಕ್ ಸುತ್ತಿ, ದೊಡ್ಡ ಬ್ಯಾಗಲ್ಲಿ ಬಟ್ಟೆ ನಡುವೆ ಇಡಿ. ಎಲೆ ಅಡಿಕೆ ಹಾಕೋರು ಹಸಿ ಎಲೆ ಕಟ್ಟು ಒಯ್ಯೋದು ಬೇಡ, ಹಸಿ ಗಿಡ, ಎಲೆ, ಹಣ್ಣು ಎಲ್ಲದಕ್ಕೂ ತಪಾಸಣೆ ಕಿರಿಕಿರಿ.

ಬೆಳಗಿನ ಜಾವದ ವಿಮಾನ ಇದ್ರೆ ಕೊನೆ ರಾತ್ರಿ ಪಟಾಂಗಲ್ಲಿ ಉಳಿಯದೆ ನೈ ಯಾಂಗ್ ಅನ್ನೋ ಬೀಚಿಗೆ ಬಂದ್ಬಿಡಿ. ಏರ್‌ಪೋರ್ಟಿಂದ ಎರಡು ಕಿಲೋಮೀಟರ್ ಇರಬಹುದು, ಗಾಳಿಮರದ ನೆರಳು, ಗದ್ದಲ ಕಮ್ಮಿ. ಹೊನ್ನಾವರ ಕಡೆ ಬೀಚ್ ನೋಡಿದೋರಿಗೆ ಪರಿಚಯದ ಜಾಗ ಅನ್ಸುತ್ತೆ. ಅದರ ಉತ್ತರಕ್ಕೆ ಮೈ ಖಾವೊ ತೀರ, ಅಲ್ಲಿ ಜನ ವಿಮಾನ ನೋಡೋಕೆ ಅಂತಲೇ ಬರ್ತಾರೆ. ಇಳಿಯೋ ವಿಮಾನ ತಲೆ ಮೇಲೆ ಎಷ್ಟು ಹತ್ತಿರ ಅಂದ್ರೆ ಚಕ್ರದ ಟಯರಿನ ಗೆರೆ ಕಾಣ್ಸುತ್ತೆ, ಸದ್ದಿಗೆ ಎದೆ ಒಳಗೆ ಗುಂಯ್ ಅನ್ನುತ್ತೆ, ಆಮೇಲೆ ಮರಳು ಹಾರಿ ಕಣ್ಣಿಗೆ. ಇದು ಸಿರಿನಾತ್ ನ್ಯಾಷನಲ್ ಪಾರ್ಕ್ ಒಳಗೆ ಬರುತ್ತೆ, ಪ್ರವೇಶಕ್ಕೆ ದುಡ್ಡು ತಗೋತಾರೆ, ರನ್‌ವೇ ತುದಿಗೆ ತೀರಾ ಹತ್ತಿರ ಹೋಗಿ ಸೆಲ್ಫಿ ತೆಗೆಯೋರಿಗೆ ದೊಡ್ಡ ಶಿಕ್ಷೆ ಅಂತ 2019ರಲ್ಲೇ ಎಚ್ಚರಿಕೆ ಕೊಟ್ಟಿದ್ರು. ಭಾವ ಫೋನ್ ಮೇಲಕ್ಕೆ ಹಿಡಿದು ನಿಂತ, ಮೂರು ವಿಮಾನ ಹೋದ್ವು, ಮೂರರಲ್ಲೂ ಬರೀ ಬಾಲ ಬಿದ್ದಿದೆ.

ಯಾವಾಗ ಹೋಗೋದು ಅಂತ ಕೇಳೋರಿಗೆ ಒಂದೇ ಉತ್ತರ, ನಮ್ಮಲ್ಲಿ ಮಳೆಗಾಲ ಇದ್ದಾಗ ಹೋಗಬೇಡಿ. ಫುಕೆಟಿಗೂ ಮೇ ತಿಂಗಳಿಂದ ಅಕ್ಟೋಬರ್ ತನಕ ನೈಋತ್ಯ ಮಾನ್ಸೂನೇ, ಸಮುದ್ರ ಕೆರಳಿರುತ್ತೆ, ಬೀಚಲ್ಲಿ ಕೆಂಪು ಬಾವುಟ ಹಾರಿಸ್ತಾರೆ, ಇಳಿಯೋಕೆ ಬಿಡಲ್ಲ. ಜೂನಲ್ಲಿ ಟಿಕೆಟ್ ಅಗ್ಗ ಅಂತ ಹಲವರು ಬುಕ್ ಮಾಡ್ತಾರೆ. ಮಳೆ ನೋಡೋಕೆ ಆಗುಂಬೆಯೋರು ದುಡ್ಡು ಕೊಟ್ಟು ವಿದೇಶಕ್ಕೆ ಹೋಗೋದು ಅಂದ್ರೆ ಸ್ವಲ್ಪ ಅತಿ ಆಯ್ತು. ಡಿಸೆಂಬರಿಂದ ಏಪ್ರಿಲ್ ಒಳ್ಳೇದು, ನಮಗೆ ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ಪುರುಸೊತ್ತು ಇರೋ ಫೆಬ್ರವರಿ ಕೊನೆ ಇನ್ನೂ ಒಳ್ಳೇದು.

ವಾಪಸ್ ಹೊರಡೋವಾಗ ಮೂರು ತಾಸು ಮುಂಚೆ ಬನ್ನಿ. ಒಂದೇ ಅಂಗಡಿಯಲ್ಲಿ ಒಂದೇ ದಿನ 2000 ಬಾತ್ ಮೇಲೆ ಸಾಮಾನು ತಗೊಂಡಿದ್ರೆ ಅಲ್ಲಿನ ಟ್ಯಾಕ್ಸ್ ವಾಪಸ್ ಕೇಳಬಹುದು, ಅಂಗಡಿಯಲ್ಲೇ ಫಾರಂ ಮಾಡಿಸ್ಕೊಂಡಿರಬೇಕು, ಸಾಮಾನಿನ ಬೆಲೆ ಜಾಸ್ತಿ ಇದ್ರೆ ಲಗೇಜು ಕೊಡೋ ಮುಂಚೆ ಕಸ್ಟಮ್ಸ್ ಕೌಂಟರಲ್ಲಿ ಸೀಲು ಹಾಕಿಸ್ಬೇಕು. ಬ್ಯಾಗ್ ಕೊಟ್ಟ ಮೇಲೆ ನೆನಪಾದ್ರೆ ಮುಗೀತು. ಗೋಡಂಬಿ ಫುಕೆಟಿನ ಹೆಸರುವಾಸಿ ಬೆಳೆ, ಮೆಣಸು ಬೆಳ್ಳುಳ್ಳಿ ಹಾಕಿ ಹುರಿದದ್ದು, ಜೇನು ಹಚ್ಚಿದ್ದು ಎಲ್ಲ ಇದೆ, ಏರ್‌ಪೋರ್ಟ್ ಒಳಗೆ ತಗೊಳ್ಳೋದ್ರ ಬದಲು ಟೌನಲ್ಲೇ ತಗೊಳ್ಳಿ. ಅಲ್ಲಿನ ಅನಾನಸ್ ಚಿಕ್ಕದು, ಗರಿಗರಿ, ರಬ್ಬರ್ ತೋಟದ ಸಾಲಿನ ನಡುವೆ ಬೆಳೀತಾರೆ. ಅಮ್ಮ ಒಂದು ಹೋಳು ತಿಂದು ಬನವಾಸಿ ಕಡೆ ಹಣ್ಣು ಇದಕ್ಕಿಂತ ಸಿಹಿ ಅಂದ್ರು, ಆದ್ರೆ ಪ್ಲೇಟ್ ಖಾಲಿ ಆಗಿತ್ತು. ದುರಿಯನ್ ಹಣ್ಣು ವಿಮಾನದೊಳಗೆ ಬಿಡಲ್ಲ, ಆ ವಾಸನೆ ಒಂದ್ಸಲ ಮೂಗಿಗೆ ಬಡಿದೋರು ಯಾಕೆ ಅಂತ ಕೇಳಲ್ಲ.

ಕೊನೆಗೆ ಡ್ಯೂಟಿ ಫ್ರೀ. ಭಾರತಕ್ಕೆ ಬರೋ ದೊಡ್ಡೋರು ಒಬ್ಬೊಬ್ಬರು ಎರಡು ಲೀಟರ್ ಮದ್ಯ ಸುಂಕ ಇಲ್ಲದೆ ತರಬಹುದು. ಭಾವ ತಲೆ ಎಣಿಸಿ ಲೆಕ್ಕ ಹಾಕ್ತಾ ಇದ್ದ, ಮಗಳು ಸಣ್ಣೋಳು ಲೆಕ್ಕಕ್ಕಿಲ್ಲ, ಉಳಿದೋರು ನಾಲ್ಕು ಜನ. ಅಕ್ಕನನ್ನ ಒಪ್ಪಿಸಿದ, ನನ್ನನ್ನೂ ಒಪ್ಪಿಸಿದ, ಆಮೇಲೆ ಅಮ್ಮನ ಹತ್ರ ಹೋಗಿ ಮೆಲ್ಲಗೆ "ಅತ್ತೆ, ನಿಮ್ಮ ಪಾಲಿಂದು ಎರಡು ಲೀಟರ್ ಸುಮ್ನೆ ವೇಸ್ಟ್ ಆಗ್ತದೆ" ಅಂದ. ಅಮ್ಮ ಮಣಿಸರ ಇಟ್ಟಿದ್ದ ಕಪಾಟು ನೋಡ್ತಾನೇ "ಅಷ್ಟು ಬೇಜಾರಾದ್ರೆ ವೇಸ್ಟ್ ಮಾಡಬೇಡಿ ಅಳಿಯಂದ್ರೆ, ನನ್ನ ಪಾಲಿಗೆ ತೆಂಗಿನೆಣ್ಣೆ ತಗೊಳ್ಳಿ, ಇಲ್ಲಿಂದು ಚೆನ್ನಾಗಿರುತ್ತಂತೆ" ಅಂದ್ರು. ಭಾವ ತಗೊಂಡ. ಎರಡು ಬಾಟ್ಲಿ.